ಕಬಡ್ಡಿ ರೈಡರ್‌ಗೆ ಮೋಕ್ಯಾಪ್ ಸೂಟ್ ಹಾಕಿಸಿದೆವು | ಗೇಮ್ ಡೆವ್ ವ್ಲಾಗ್

ಎಲ್ಲರಿಗೂ ನಮಸ್ಕಾರ. ಮೋಕ್ಯಾಪ್ ಅಂದರೆ ಮೋಷನ್ ಕ್ಯಾಪ್ಚರ್, ಮನುಷ್ಯನ ಮೈಯ ಚಲನೆಯನ್ನು ರೆಕಾರ್ಡ್ ಮಾಡಿ ಗೇಮಿನ ಪಾತ್ರಕ್ಕೆ ಕೊಡುವುದು. ಸೂಟ್ ಹಾಕಿಸುವ ಭಾಗವನ್ನು ಫಾಸ್ಟ್ ಫಾರ್ವರ್ಡ್‌ನಲ್ಲಿ ಓಡಿಸಿಬಿಟ್ಟಿದ್ದೇನೆ, ಪಟ್ಟಿ ಕಟ್ಟುವುದನ್ನು ಕೂತು ನೋಡಬೇಕಾಗಿಲ್ಲ. ಮೈಮೇಲೆ ಅಲ್ಲಲ್ಲಿ ಕಾಣುವ ಕಪ್ಪು ಡಬ್ಬಿಗಳೇ ಸೆನ್ಸರ್‌ಗಳು, ಈ ಸೂಟಿನಲ್ಲಿ ಒಟ್ಟು 17. ಒಳಗಿರುವವನು ನಮ್ಮ ರೈಡರ್. ಮಂಡ್ಯ ಕಡೆಯ ಹುಡುಗ, ಕಾಲೇಜು ತಂಡದಲ್ಲಿ ಆಡುತ್ತಾನೆ. "ಹೆಸರು ಹಾಕ್ಬೇಡಿ ಅಕ್ಕ, ಕೋಚ್ ನೋಡಿದ್ರೆ ಬೈತಾರೆ" ಅಂದಿದ್ದಾನೆ, ಹಾಗಾಗಿ ರೈಡರ್ ಎಂದೇ ಕರೆಯುತ್ತೇನೆ.

ಹೊಸದಾಗಿ ಬಂದವರಿಗೆ ಒಂದು ಮಾತು. ನಾವು ಮೂರು ಜನ ಸೇರಿ ಕಬಡ್ಡಿ ಗೇಮ್ ಮಾಡುತ್ತಿದ್ದೇವೆ, ಅನಿಮೇಷನ್ ನನ್ನ ಪಾಲಿನ ಕೆಲಸ. ಇಲ್ಲಿಯವರೆಗೆ ಕೀಫ್ರೇಮ್, ಅಂದರೆ ಮುಖ್ಯ ಭಂಗಿಗಳನ್ನು ಒಂದೊಂದಾಗಿ ಇಟ್ಟು ಎಲ್ಲವನ್ನೂ ಕೈಯಲ್ಲೇ ಮಾಡುತ್ತಿದ್ದೆ. ಓಟ, ನಡಿಗೆಗೆ ಮಾತ್ರ ಮಿಕ್ಸಾಮೊ ಎಂಬ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುವ ಕ್ಲಿಪ್ ಹಾಕಿದ್ದೆ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದವರು 12 ಇನ್‌ಫ್ರಾರೆಡ್ ಕ್ಯಾಮೆರಾ ಇಟ್ಟು, ಮೈಗೆ 41 ಮಾರ್ಕರ್ (ಕ್ಯಾಮೆರಾಗೆ ಕಾಣುವ ಸಣ್ಣ ಗುರುತು) ಅಂಟಿಸಿ ರೆಕಾರ್ಡ್ ಮಾಡಿದ ದೊಡ್ಡ ಸಂಗ್ರಹವೂ ಪುಕ್ಕಟೆ ಸಿಗುತ್ತದೆ. ಅದನ್ನೂ ಜಾಲಾಡಿದೆ. ಗಾಲ್ಫ್ ಇದೆ, ಬಾಸ್ಕೆಟ್‌ಬಾಲ್ ಇದೆ, ಸಾಲ್ಸಾ ಇದೆ. ಕಬಡ್ಡಿ ರೈಡ್ ಸಿಗಲಿಲ್ಲ. ಹಾಗಾಗಿ ಬಾಡಿಗೆ ಸೂಟ್ ತಂದೆವು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ, ಮೂರು ಜನರ ತಂಡಕ್ಕೆ ಇದು ದುಂದು. ಅನಿಮೇಟರ್ ಒಬ್ಬಳು ಕೂತು ಮಾಡಿದರೆ ಆಗುವ ಕೆಲಸಕ್ಕೆ ಇಷ್ಟೊಂದು ದುಡ್ಡು ಯಾಕೆ?

ಸರಿ, ಈಗ ಸ್ಕ್ರೀನ್ ನೋಡಿ. ಅವನು ಸುಮ್ನೆ ನಿಂತಿದ್ದಾನೆ, ಕೈ ಎರಡೂ ಕೆಳಗೆ. ಸ್ಕ್ರೀನ್ ಮೇಲೆ ಅವನ ಹಾಗೇ ಆಡಬೇಕಾದ ಗೊಂಬೆಯ ಎಡಗಾಲು ಮಾತ್ರ ನಿಧಾನಕ್ಕೆ ಒಳಕ್ಕೆ ತಿರುಗುತ್ತಿದೆ. ತಿರುಗುತ್ತಲೇ ಇದೆ. ಈಗ ಹಿಮ್ಮಡಿ ಮುಂದಕ್ಕೇ ಬಂತು, ನೋಡಿದಿರಾ?

ಇದು ಬೆಳಗ್ಗೆ ನಮಗೆ ಸಿಕ್ಕ ಹಾಲ್, ಮೂರನೇ ಮಹಡಿ. ಈ ಡಬ್ಬಿ ಒಂದೊಂದರಲ್ಲೂ ಮೂರು ಸಾಧನ ಇರುತ್ತವೆ. ವೇಗ ಎಷ್ಟು ಬದಲಾಯಿತು ಎಂದು ಒಂದು ಅಳೆಯುತ್ತದೆ, ಎಷ್ಟು ತಿರುಗಿತು ಎಂದು ಇನ್ನೊಂದು. ಮೂರನೆಯದು ದಿಕ್ಸೂಚಿ. ತಿರುಗಿದ ಲೆಕ್ಕದಲ್ಲಿ ಚೂರುಚೂರೇ ತಪ್ಪು ಸೇರುತ್ತಾ ಹೋಗುತ್ತದೆ, ಅದನ್ನು ಸರಿಪಡಿಸುವುದು ದಿಕ್ಸೂಚಿಯ ಕೆಲಸ. ಹತ್ತಿರದಲ್ಲಿ ಕಬ್ಬಿಣ ಇದ್ದರೆ ಆ ದಿಕ್ಸೂಚಿಯೇ ದಾರಿ ತಪ್ಪುತ್ತದೆ. ಈ ಹಾಲಿನಲ್ಲಿ ಸ್ಲ್ಯಾಬಿನೊಳಗೆ ಕಂಬಿ, ಗೋಡೆಗೆ ಒರಗಿಸಿದ ಮಡಚುವ ಕುರ್ಚಿಗಳು, ಒಂದು ಬದಿ ಪೂರ್ತಿ ರೋಲಿಂಗ್ ಶಟರ್. ಪಾದದ ಡಬ್ಬಿಗಳು ನೆಲಕ್ಕೆ ಎಲ್ಲಕ್ಕಿಂತ ಹತ್ತಿರ, ಅದಕ್ಕೇ ಮೊದಲು ಕೆಡುವುದು ಕಾಲು. ಕಬಡ್ಡಿ ಆಡುವುದೇ ಕಾಲಿನಲ್ಲಿ ಅಲ್ವಾ!

ಕುರ್ಚಿಗಳನ್ನೆಲ್ಲ ಹೊರಗಿಟ್ಟೆವು, ಮತ್ತೆ ಕ್ಯಾಲಿಬ್ರೇಷನ್ (ಸೆನ್ಸರ್‌ಗಳನ್ನು ಮೊದಲಿನಿಂದ ಹೊಂದಿಸುವುದು), ಮತ್ತೆ ಕಾಲು ತಿರುಗಿತು. ಶಟರ್‌ನಿಂದ ದೂರ ಬಂದು ಹಾಲಿನ ನಡುವೆ ನಿಲ್ಲಿಸಿದೆವು, ಸ್ವಲ್ಪ ಹೊತ್ತು ಸರಿ ಇತ್ತು, ಅವನು ನಾಲ್ಕು ಹೆಜ್ಜೆ ಹಾಕಿದ, ಮತ್ತೆ ಅದೇ ಕಥೆ. ನೆಲದಿಂದ ಎತ್ತರಕ್ಕೆ ಪ್ಲೈವುಡ್ ಹಾಸಿದರೆ ತೊಂದರೆ ಕಡಿಮೆ ಆಗುತ್ತದೆ, ನಡಿಗೆ ರೆಕಾರ್ಡ್ ಮಾಡುವುದಕ್ಕೆ ಅಷ್ಟು ಸಾಕು, ಆದರೆ ಅದರ ಮೇಲೆ ಕಬಡ್ಡಿ ಆಡುವುದಕ್ಕೆ ಆಗುತ್ತಾ? ಬಾಡಿಗೆ ಕೊಟ್ಟವರಿಗೆ ಫೋನ್ ಮಾಡಿದೆ. "ಕಬ್ಬಿಣ ಇಲ್ದೇ ಇರೋ ಜಾಗದಲ್ಲಿ ಮಾಡ್ಕೊಳ್ಳಿ ಮೇಡಂ" ಎಂದರು. ಬೆಂಗಳೂರಿನಲ್ಲಿ ಕಬ್ಬಿಣ ಇಲ್ಲದ ಕಟ್ಟಡವನ್ನು ನಾನು ಎಲ್ಲಿಂದ ತರಲಿ? ಅವರ ಕಾಗದದಲ್ಲಿ ಡೆಪಾಸಿಟ್ ಬಗ್ಗೆ ಬರೆದಿದೆ, ಪಟ್ಟಿ ಹರಿದರೆ ಎಷ್ಟು ಎಂದು ಬರೆದಿದೆ, ವಾಪಸ್ ಕೊಡುವುದು ಅರ್ಧ ಗಂಟೆ ತಡವಾದರೆ ಎಷ್ಟು ಎಂದೂ ಬರೆದಿದೆ. ಎಂಥ ಜಾಗದಲ್ಲಿ ಬಳಸುತ್ತೀರಿ ಎಂದು ಕೇಳುವ ಒಂದು ಸಾಲು ಇಲ್ಲ. ಸೂಟ್ ಕೊಡುವಾಗ ಆ ಒಂದು ಪ್ರಶ್ನೆ ಕೇಳಿದ್ದರೆ ಅರ್ಧ ದಿನದ ಬಾಡಿಗೆ ಉಳಿಯುತ್ತಿತ್ತು. ನನಗೆ ನಿಜಕ್ಕೂ ಸಿಟ್ಟು ಬಂತು, ಈಗ ಎಡಿಟ್ ಮಾಡುವಾಗಲೂ ಬರುತ್ತಿದೆ. ದುಬಾರಿ ಹೊಸ ಸೂಟ್‌ಗಳು ಕಬ್ಬಿಣದ ಕಾಟವನ್ನು ಬಹಳ ಮಟ್ಟಿಗೆ ತಡೆದುಕೊಳ್ಳುತ್ತವೆ, ನಮ್ಮ ಕೈಗೆ ಸಿಕ್ಕಿದ್ದು ಅಂಥದ್ದಲ್ಲ.

ಕ್ಯಾಮೆರಾ ಮತ್ತು ಮಾರ್ಕರ್ ಇಟ್ಟು ಮಾಡುವ ಮೋಕ್ಯಾಪ್‌ಗೆ ಕಬ್ಬಿಣದ ಭಯ ಇಲ್ಲ. ಅಲ್ಲಿ ಮೈಮೇಲೆ ಬೆಳಕು ಹಿಮ್ಮರಳಿಸುವ ಸಣ್ಣ ಗುಂಡುಗಳು, ಸುತ್ತ ಇನ್‌ಫ್ರಾರೆಡ್ ಕ್ಯಾಮೆರಾಗಳು. ಒಂದು ಗುಂಡನ್ನು ಕನಿಷ್ಠ ಎರಡು ಕ್ಯಾಮೆರಾ ನೋಡಿದರೆ ಅದು ಎಲ್ಲಿದೆ ಎಂದು ಲೆಕ್ಕ ಸಿಗುತ್ತದೆ. ಹಾಗಿದ್ದರೆ ಅದನ್ನೇ ಮಾಡಬಹುದಿತ್ತಲ್ಲ ಎನ್ನುತ್ತೀರಿ. ರೈಡರ್ ಮೇಲೆ ನಾಲ್ಕು ಜನ ಬಿದ್ದಾಗ ಯಾವ ಕ್ಯಾಮೆರಾಗೂ ಅವನ ಮಾರ್ಕರ್ ಕಾಣುವುದಿಲ್ಲ. ಆ ಸ್ಟುಡಿಯೋಗಳ ಬಾಡಿಗೆಯ ಮಾತು ಈಗ ಬೇಡ.

ಹಾಂ, ಇದು ಮಣ್ಣಿನ ಅಂಗಳ. ಸಿಕ್ಕಿತು ಕೊನೆಗೂ. ಬಿಸಿಲಿಗೆ ಲ್ಯಾಪ್‌ಟಾಪ್ ಸ್ಕ್ರೀನ್ ಕಾಣುತ್ತಿಲ್ಲ ಎಂದು ಗೆಳತಿ ತಲೆಮೇಲೆ ಬೆಡ್‌ಶೀಟ್ ಹೊದ್ದು ಕೂತಿದ್ದಾಳೆ. ಗೊಂಬೆಯ ಕಾಲು ನೋಡಿ, ನೆಟ್ಟಗಿದೆ.

ಈ ಟೇಕ್ ಅನ್ನು ಕತ್ತರಿಸದೆ ಪೂರ್ತಿ ಹಾಕಿದ್ದೇನೆ, ದಯವಿಟ್ಟು ಓಡಿಸಬೇಡಿ. ಅಂಗಳಕ್ಕೆ ಕೈ ಮುಟ್ಟಿಸಿ ಹಣೆಗೆ ಒತ್ತಿಕೊಂಡ. ನಡುಗೆರೆ ದಾಟಿದ. ಹಿಮ್ಮಡಿ ನೋಡಿ, ನೆಲಕ್ಕೆ ಊರುವುದೇ ಇಲ್ಲ, ಇಡೀ ರೈಡ್ ಮುಂಗಾಲಿನ ಮೇಲೆ. ನಾನು ಕೈಯಲ್ಲಿ ಮಾಡಿದ ರೈಡರ್ ಪಾದ ಪೂರ್ತಿ ಊರಿ ನಿಲ್ಲುತ್ತಿದ್ದ. ಈಗ ಬಲಗಾಲು ಚಾಚುತ್ತಾನೆ, ಟೋ ಟಚ್. ಗದ್ದ ಎಲ್ಲಿದೆ? ಎಡಕ್ಕೆ. ಕಣ್ಣು ಎಡ ಮೂಲೆಯ ಡಿಫೆಂಡರ್ ಮೇಲೆ, ಕಾಲು ಬಲಕ್ಕೆ. ಯಾಕೋ ಹಾಗೆ ಎಂದು ಕೇಳಿದರೆ "ಹಂಗಾ ಮಾಡ್ತೀನಿ? ಗೊತ್ತೇ ಇಲ್ಲ ಅಕ್ಕ" ಎಂದ. ಅವನಿಗೇ ಗೊತ್ತಿಲ್ಲದ್ದನ್ನು ನಾನು ಕುರ್ಚಿಯಲ್ಲಿ ಕೂತು ಹೇಗೆ ಊಹಿಸಲಿ?

ಇನ್ನೊಂದು ಇದೆ, ಇದನ್ನು ದೊಡ್ಡದು ಮಾಡಿ ತೋರಿಸುತ್ತೇನೆ. ಇದು ಎದೆಯ ಸೆನ್ಸರ್‌ನ ಗೆರೆ. ದೊಡ್ಡ ಏರಿಳಿತ ಅವನು ಬಾಗಿದ್ದು, ಎದ್ದಿದ್ದು. ಅದರ ಮೇಲೆ ಸಣ್ಣ ಸಣ್ಣ ನಡುಕ ಇದೆಯಲ್ಲ, ಅದು ಅವನು "ಕಬಡ್ಡಿ ಕಬಡ್ಡಿ" ಎನ್ನುತ್ತಿರುವುದು. ಒಂದು ರೈಡಿಗೆ 30 ಸೆಕೆಂಡ್, ಅಷ್ಟು ಹೊತ್ತೂ ಹೇಳುತ್ತಲೇ ಇರಬೇಕು. ಕೊನೆಕೊನೆಗೆ ಉಸಿರು ಸಾಲದೆ ನಡುಕ ಒತ್ತೊತ್ತಾಗಿ ಬರುತ್ತದೆ, ಭುಜ ಮೇಲೇರುತ್ತದೆ. ಸೂಟಿನ ಜೊತೆ ಬರುವ ಸಾಫ್ಟ್‌ವೇರ್‌ನಲ್ಲಿ ಗೆರೆ ನಯ ಮಾಡುವ ಫಿಲ್ಟರ್ ಇದೆ, ಒಂದು ಬಟನ್. ಒತ್ತುತ್ತೇನೆ ನೋಡಿ. ನಡುಕ ಹೋಯಿತು. ಗೊಂಬೆ ಈಗ ಜಾರುತ್ತಾ ಓಡಾಡುತ್ತಿದೆ, ಎಲ್ಲ ಸರಿಯಾಗಿದೆ, ಆದರೆ ಅದು ಕಬಡ್ಡಿ ಹೇಳುತ್ತಿಲ್ಲ. ಮೋಕ್ಯಾಪ್ ನೋಡಲು ಸತ್ತ ಹಾಗಿರುತ್ತದೆ ಎಂದು ನಾನೂ ಎಷ್ಟೋ ಸಲ ಹೇಳಿದ್ದೇನೆ. ಬಹಳ ಕಡೆ ಆ ಜೀವ ತೆಗೆಯುವುದು ಈ ಬಟನ್. ಕಾಲು ನಡುಗಿದರೆ ಅದು ಸೆನ್ಸರ್ ತಪ್ಪು, ಎದೆ ನಡುಗಿದರೆ ಉಸಿರು. ಯಾವುದು ಯಾವುದೆಂದು ಕೂತು ನೋಡುವ ಕಣ್ಣು ಬೇಕು. ಬೆಂಗಳೂರು, ಹೈದರಾಬಾದ್, ಪುಣೆಯ ಸ್ಟುಡಿಯೋಗಳಲ್ಲಿ ಹೊರದೇಶದ ಗೇಮ್‌ಗಳಿಗೆ ಈ ಕ್ಲೀನಪ್ ಮಾಡುವ ಹುಡುಗ ಹುಡುಗಿಯರು ಎಷ್ಟೋ ಜನ ಇದ್ದಾರೆ. ಇದನ್ನು ಬರೀ ಗುಮಾಸ್ತರ ಕೆಲಸ ಎನ್ನುವವರು ಒಮ್ಮೆ ಕೂತು ಮಾಡಿ ನೋಡಲಿ.

ಈ ಒಂದು ನಡುಕಕ್ಕೆ ಇಡೀ ಬಾಡಿಗೆ ಕೊಡಬಹುದು. ಹೌದು, ಆರಂಭದಲ್ಲಿ ದುಂದು ಎಂದಿದ್ದೆ. ಈಗ ಹಾಗನ್ನಿಸುತ್ತಿಲ್ಲ.

ಅವನು ನೀರು ಕುಡಿಯುವಷ್ಟರಲ್ಲಿ ಒಂದು ಹಳೇ ವಿಷಯ. ನಿಜವಾದ ಮೈಯ ಚಲನೆಯನ್ನು ಗೇಮಿಗೆ ತರುವ ಆಸೆ ಈ ಸೂಟ್‌ಗಳಿಗಿಂತ ಎಷ್ಟೋ ಹಳೆಯದು. 1985ರಲ್ಲಿ ಗೇಮ್ ಮಾಡುತ್ತಿದ್ದ ಜೋರ್ಡನ್ ಮೆಕ್ನರ್ ತನ್ನ ತಮ್ಮನಿಗೆ ಬಿಳಿ ಬಟ್ಟೆ ಹಾಕಿಸಿ, ಓಡು, ಹಾರು, ಜೋತು ಬೀಳು ಎಂದು ವಿಡಿಯೋ ತೆಗೆದ. ಆಮೇಲೆ ಒಂದೊಂದೇ ಚಿತ್ರವನ್ನು ತಿದ್ದಿ ಆಪಲ್ 2 ಕಂಪ್ಯೂಟರ್‌ಗೆ ಇಳಿಸಿದ. 1989ರಲ್ಲಿ ಬಂದ ಪ್ರಿನ್ಸ್ ಆಫ್ ಪರ್ಷಿಯಾ ಗೇಮ್ ಅದು. ಆ ರಾಜಕುಮಾರ ಅಂಚು ಹಿಡಿದು ಮೇಲೇರುವಾಗ ಮೈಭಾರ ಇದೆ ಎಂದು ಇವತ್ತಿಗೂ ಅನ್ನಿಸುತ್ತದೆ, ಅಷ್ಟು ಸಣ್ಣ ಚಿತ್ರದಲ್ಲೂ! ಅದಕ್ಕೂ ಮೊದಲು ಸಿನಿಮಾ ಚಿತ್ರದ ಮೇಲೆ ಗೆರೆ ಎಳೆಯುವ ಯಂತ್ರಕ್ಕೆ ಅನಿಮೇಟರ್ ಮ್ಯಾಕ್ಸ್ ಫ್ಲೈಷರ್ 1915ರಲ್ಲೇ ಪೇಟೆಂಟ್ ಅರ್ಜಿ ಹಾಕಿದ್ದ, ಅವನೂ ಸ್ವಂತ ತಮ್ಮನನ್ನೇ ಕುಣಿಸಿದ್ದು. ಪಾಪ ತಮ್ಮಂದಿರು. ಬಂದ, ಬಂದ, ಮುಂದಿನ ಶಾಟ್.

ಇದು ತಪ್ಪಿಸಿಕೊಂಡು ವಾಪಸ್ ಓಡುವುದು. ಇಲ್ಲಿ ಗೇಮಿನ ತೊಂದರೆ ಬರುತ್ತದೆ. ಜಿಗಿಯುವ ಮೊದಲು ಅವನು ಮೈ ಕೆಳಗಿಳಿಸಿ, ಭಾರ ಒಂದು ಕಾಲಿಗೆ ತರುತ್ತಾನೆ, ಸುಮಾರು ಕಾಲು ಸೆಕೆಂಡ್. ನೋಡಲು ಬಹಳ ಚೆನ್ನ. ಗೇಮ್ ಸೆಕೆಂಡಿಗೆ 60 ಫ್ರೇಮ್ (ಒಂದೊಂದು ಚಿತ್ರವೂ ಒಂದು ಫ್ರೇಮ್) ಓಡುತ್ತದೆ, ಅಂದರೆ ಆ ಕಾಲು ಸೆಕೆಂಡಿಗೆ 15 ಫ್ರೇಮ್. ಬಟನ್ ಒತ್ತಿದವನಿಗೆ 15 ಫ್ರೇಮ್ ಏನೂ ಆಗದಿದ್ದರೆ ಕಂಟ್ರೋಲರ್ ಕೆಟ್ಟಿದೆ ಎಂದುಕೊಳ್ಳುತ್ತಾನೆ. ಹಾಗಾಗಿ ಆ ತಯಾರಿಯನ್ನು ನಾಲ್ಕೈದು ಫ್ರೇಮಿಗೆ ಕತ್ತರಿಸಬೇಕು. ಕತ್ತರಿಸಿದರೆ ಭಾರ ಹೋಗುತ್ತದೆ, ಆ ಭಾರವನ್ನು ಮತ್ತೆ ಕೈಯಲ್ಲಿ, ಮಂಡಿ ಇನ್ನಷ್ಟು ಬಗ್ಗಿಸಿ, ಸೊಂಟ ಇನ್ನಷ್ಟು ತಿರುಗಿಸಿ ತರಬೇಕು. ಸಿನಿಮಾದವರಿಗೆ ಈ ಗೋಳಿಲ್ಲ, ಅಲ್ಲಿ ಬಟನ್ ಹಿಡಿದು ಯಾರೂ ಕಾಯುತ್ತಿಲ್ಲ.

ಇದಕ್ಕೆ ದೊಡ್ಡ ಸ್ಟುಡಿಯೋಗಳು ಒಂದು ದಾರಿ ಕಂಡುಕೊಂಡಿವೆ, ಮೋಷನ್ ಮ್ಯಾಚಿಂಗ್. 2016ರಲ್ಲಿ ಯೂಬಿಸಾಫ್ಟ್ ಎಂಬ ಗೇಮ್ ಕಂಪನಿಯವರು ಗೇಮ್ ಮಾಡುವವರ ಜಿಡಿಸಿ ಸಮ್ಮೇಳನದಲ್ಲಿ ಇದನ್ನು ವಿವರಿಸಿದರು, 2017ರ ಫಾರ್ ಆನರ್ ಗೇಮ್‌ನಲ್ಲಿ ಬಳಸಿದರು. ಕ್ಲಿಪ್‌ಗಳನ್ನು ಒಂದಕ್ಕೊಂದು ಕೈಯಲ್ಲಿ ಹೊಲಿಯುವುದು ತಪ್ಪುತ್ತದೆ. ಉದ್ದುದ್ದ ರೆಕಾರ್ಡಿಂಗ್‌ಗಳನ್ನು ಹಾಗೇ ಇಟ್ಟುಕೊಂಡು, ಪಾತ್ರ ಈಗಿರುವ ಭಂಗಿಗೂ ಅದು ಹೋಗಬೇಕಾದ ದಾರಿಗೂ ಹತ್ತಿರ ಇರುವ ಫ್ರೇಮನ್ನು ಕಂಪ್ಯೂಟರ್ ಕ್ಷಣಕ್ಷಣಕ್ಕೂ ಹುಡುಕುತ್ತದೆ. ಅದಕ್ಕೇ ಇವನಿಂದ ಈ ಬೋರ್ ಹೊಡೆಸುವ ಶಾಟ್‌ಗಳು. ನಿಲ್ಲು, ಹೊರಡು, ಎಡಕ್ಕೆ ತಿರುಗು, ಬಲಕ್ಕೆ ತಿರುಗು, ಹಿಂದೆ ಹೆಜ್ಜೆ ಹಾಕು. "ಅಕ್ಕ, ಇದ್ಕೆ ನಾನೇ ಯಾಕೆ ಬೇಕಿತ್ತು?" ಎಂದ. ಬೇಕಪ್ಪ, ಹಿಮ್ಮಡಿ ಊರದೆ ಹಿಂದೆ ಹೋಗುವವನು ನೀನೇ.

ಈಗ ಆಂಕಲ್ ಹೋಲ್ಡ್. ಡಿಫೆಂಡರ್ ಬಂದು ಪಾದ ಹಿಡಿದ, ಪಟ್ಟಿ ಜಾರಿತು, ಡಬ್ಬಿ ಕಣಕಾಲಿನ ಹಿಂದಕ್ಕೆ ಹೋಯಿತು, ಟೇಕ್ ಮುಗಿಯಿತು. ಮತ್ತೆ ಕಟ್ಟಿ ಮಾಡಿದರೂ ಅಷ್ಟೇ. ಜೊತೆಗೆ ಈ ಸೂಟ್‌ಗೆ ಎದುರಿನವನು ಎಲ್ಲಿದ್ದಾನೆ ಎಂದು ಗೊತ್ತೇ ಇಲ್ಲ, ಇಬ್ಬರಿಗೆ ಎರಡು ಸೂಟ್ ಹಾಕಿದ್ದರೂ ಒಬ್ಬನ ಕೈ ಇನ್ನೊಬ್ಬನ ಕಾಲಿಗೆ ಗೇಣು ದೂರದಲ್ಲಿ ಗಾಳಿ ಹಿಡಿದಿರುತ್ತದೆ. ಹಿಡಿತಗಳಿಗೆ ಈ ಸೂಟ್ ವೇಸ್ಟ್, ಖಂಡಿತ ವೇಸ್ಟ್. ಎರಡು ಫೋನ್‌ನಲ್ಲಿ ಎರಡು ಬದಿಯಿಂದ ವಿಡಿಯೋ ತೆಗೆದುಕೊಂಡಿದ್ದೇನೆ, ನೋಡಿಕೊಂಡು ಕೈಯಲ್ಲೇ ಮಾಡುತ್ತೇನೆ.

ಕೈಯಲ್ಲಿ ಮಾಡಿದ್ದು ಕಡಿಮೆ ಎಂದು ಯಾರೂ ಅಂದುಕೊಳ್ಳಬೇಡಿ. 2014ರ ಗಿಲ್ಟಿ ಗಿಯರ್ ಎಕ್ಸರ್ಡ್ ಗೇಮ್ ನೋಡಿ. 3ಡಿ ಪಾತ್ರಗಳೇ, ಆದರೆ ಒಂದೊಂದು ಭಂಗಿಯನ್ನೂ ಕೈಯಲ್ಲಿ ಇಟ್ಟು, ನಡುವಿನ ಫ್ರೇಮ್‌ಗಳನ್ನು ಕಂಪ್ಯೂಟರ್ ತುಂಬದಂತೆ ತಡೆದು, ಕೈಯಲ್ಲಿ ಬರೆದ ಜಪಾನಿನ ಅನಿಮೆ ಕಾರ್ಟೂನ್ ಹಾಗೆ ಕಾಣಿಸಿದ್ದಾರೆ. ಅಲ್ಲಿಗೆ ಮೋಕ್ಯಾಪ್ ತಂದರೆ ಕೆಟ್ಟೇ ಹೋಗುತ್ತಿತ್ತು. ನಮ್ಮ ಕಬಡ್ಡಿಗೆ ಮಾತ್ರ ಮಣ್ಣು, ಬೆವರು, ಉಸಿರು ಬೇಕು.

ದುಡ್ಡಿಲ್ಲದವರಿಗೆ ಧೈರ್ಯ ಕೊಡುವ ಗೇಮ್ ಹೆಲ್‌ಬ್ಲೇಡ್, 2017ರದ್ದು. ಕೇಂಬ್ರಿಜ್‌ನ ನಿಂಜಾ ಥಿಯರಿಯಲ್ಲಿ ಸುಮಾರು 20 ಜನರ ತಂಡ, ಆಫೀಸಿನ ಮೀಟಿಂಗ್ ರೂಮನ್ನೇ ಮೋಕ್ಯಾಪ್ ಜಾಗ ಮಾಡಿಕೊಂಡರು. ಅವರ ವಿಡಿಯೋ ಎಡಿಟರ್ ಮೆಲಿನಾ ಯೂರ್ಗೆನ್ಸ್ ಮೊದಲು ಟೆಸ್ಟಿಗೆಂದು ನಿಂತವರು, ಕೊನೆಗೆ ಗೇಮಿನ ನಾಯಕಿ ಸೆನುವಾ ಪಾತ್ರವೇ ಅವರಾದರು. 2018ರಲ್ಲಿ ಆ ಅಭಿನಯಕ್ಕೆ ಬ್ರಿಟನ್ನಿನ ಬಾಫ್ಟಾ ಪ್ರಶಸ್ತಿ ಬಂತು. ಅಲ್ಲಿ ಸೂಟ್ ಹಿಡಿದದ್ದು ಒಬ್ಬರ ಅಭಿನಯವನ್ನು.

ಅದಕ್ಕೇ ಇವನ ಜೊತೆ ಒಂದು ಕಾಗದ ಮಾಡಿಕೊಂಡೆವು, ಮೇಜಿನ ಮೇಲೆ ಕಾಣುತ್ತಿರುವುದು ಅದೇ. ಈ ರೆಕಾರ್ಡಿಂಗ್ ಈ ಗೇಮಿಗೆ ಮಾತ್ರ. ಬೇರೆಯವರಿಗೆ ಮಾರುವಂತಿಲ್ಲ, ಎಐ ಕಲಿಸಲು ಕೊಡುವಂತಿಲ್ಲ, ಕ್ರೆಡಿಟ್‌ನಲ್ಲಿ ಅವನು ಹೇಳಿದ ಹೆಸರು ಇರಬೇಕು. ಅಮೆರಿಕದಲ್ಲಿ ಗೇಮ್ ಕಲಾವಿದರು 2024ರ ಜುಲೈ 26ರಿಂದ ಮುಷ್ಕರ ಹೂಡಿದ್ದು ಮುಖ್ಯವಾಗಿ ಈ ಎಐ ವಿಷಯಕ್ಕೇ, ಮರು ವರ್ಷದವರೆಗೆ ಎಳೆಯಿತು. ದನಿ ಕೊಡುವವರ ಜೊತೆ ಮೈ ಕೊಡುವವರಿಗೂ ರಕ್ಷಣೆ ಬೇಕೆಂದು ಹಟ ಹಿಡಿದರು. ಅದು ನ್ಯಾಯ. ಇವನ ಆ ಎಡಕ್ಕೆ ತಿರುಗುವ ಗದ್ದ ನಾಳೆ ಹೆಸರಿಲ್ಲದೆ ಸಾವಿರ ಪಾತ್ರಗಳಲ್ಲಿ ಕಂಡರೆ ನನಗೆ ಸರಿ ಅನ್ನಿಸುವುದಿಲ್ಲ.

ಅಯ್ಯೋ, ಬ್ಯಾಟರಿ ಕೆಂಪು. ಸೂಟ್ ವಾಪಸ್ ಕೊಡುವ ಹೊತ್ತೂ ಆಯಿತು, ಅವರ ಅರ್ಧ ಗಂಟೆ ಲೆಕ್ಕ ನಿಮಗೆ ಗೊತ್ತಲ್ಲ. ಕೊನೆಯದಾಗಿ ಎರಡು ಕ್ಲಿಪ್ ಹಾಕುತ್ತಿದ್ದೇನೆ. ಎಡಗಡೆ ನಾನು ಮೊದಲು ಕೈಯಲ್ಲಿ ಮಾಡಿದ್ದ ರೈಡ್, ಬಲಗಡೆ ಇವತ್ತಿನದು, ತಯಾರಿ ಕತ್ತರಿಸಿ, ಎದೆಯ ನಡುಕ ಹಾಗೇ ಉಳಿಸಿಕೊಂಡದ್ದು. ಬಲಗಡೆಯದರಲ್ಲಿ ಜಿಗಿತ ಇನ್ನೂ ತಡವಾಗಿ ಬರುತ್ತಿದೆ ಅನ್ನಿಸಿದರೆ ಕಾಮೆಂಟಿನಲ್ಲಿ ಬರೆಯಿರಿ, ಇನ್ನೆರಡು ಫ್ರೇಮ್ ತೆಗೆದು ನೋಡುತ್ತೇನೆ. ಕಬಡ್ಡಿ ಆಡಿದವರು ಇದ್ದರೆ ಕಾಲು ನೋಡಿ ಹೇಳಿ.