ಶಸ್ತ್ರಚಿಕಿತ್ಸೆಯಾದ ಮೇಲೆ ಕಿವಿ ಕೇಳದಾದರೆ

ಕೇಳುಗರಿಗೆ ನಮಸ್ಕಾರ.

ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆ ಮುಗಿಸಿಕೊಂಡು ವಾರ್ಡಿಗೆ ಬಂದ ಹಿರಿಯರೊಬ್ಬರು ಮಗಳೊಡನೆ ಮಾತನಾಡಲು ಮೊಬೈಲನ್ನು ಎಂದಿನಂತೆ ಬಲಗಿವಿಗೆ ಹಿಡಿಯುತ್ತಾರೆ. ಏನೂ ಕೇಳಿಸುವುದಿಲ್ಲ. ಫೋನ್ ಕೆಟ್ಟಿರಬೇಕೆಂದು ಎಡಗಿವಿಗೆ ಹಿಡಿದರೆ ಮಗಳ ದನಿ ಸ್ಪಷ್ಟವಾಗಿದೆ. ಬಲಗಿವಿಯಲ್ಲಿ ಉಳಿದಿರುವುದು ಗುಂಯ್ ಎನ್ನುವ ಮೊರೆತ ಮಾತ್ರ. ಎದೆಯ ಗಾಯದ್ದೇ ಚಿಂತೆಯಾಗಿರುವಾಗ ಇದನ್ನು ಯಾರಿಗೆ ಹೇಳುವುದೆಂದು ಅವರು ಸುಮ್ಮನಾಗುತ್ತಾರೆ. ಕಿವಿ, ಮೂಗು, ಗಂಟಲಿನ ವೈದ್ಯಳಾದ ನನ್ನನ್ನು ಹೆಚ್ಚು ಕಾಡುವುದು ಈ ಸುಮ್ಮನಿರುವಿಕೆಯೇ.

ಇದು ಅಪರೂಪದ ತೊಡಕು. ಹೃದಯ ಶಸ್ತ್ರಚಿಕಿತ್ಸೆಗೆ ಒಳಗಾದವರಲ್ಲಿ ಸುಮಾರು ಸಾವಿರಕ್ಕೆ ಒಬ್ಬರಲ್ಲಿ ಕಂಡುಬಂದಿದೆ. ಬಸವನಹುಳುವಿನ ಚಿಪ್ಪಿನಂತೆ ಸುರುಳಿಯಾಗಿರುವ ಒಳಗಿವಿಗೆ ರಕ್ತ ತಲುಪುವುದು ಕೂದಲೆಳೆಯಂಥ ಒಂದೇ ಅಪಧಮನಿಯಿಂದ. ಶಸ್ತ್ರಚಿಕಿತ್ಸೆಯ ಹೊತ್ತಿನಲ್ಲಿ ಹೃದಯ, ಶ್ವಾಸಕೋಶಗಳ ಕೆಲಸವನ್ನು ತಾನೇ ಮಾಡುವ ಹೃದಯ-ಶ್ವಾಸಕೋಶ ಯಂತ್ರದಲ್ಲಿ ರಕ್ತ ಹರಿಯುವಾಗ ಹೆಪ್ಪಿನ ಚೂರೋ, ಕೊಬ್ಬಿನ ಕಣವೋ, ಗಾಳಿಯ ಗುಳ್ಳೆಯೋ ಅಲ್ಲಿ ಸಿಕ್ಕಿಕೊಂಡರೆ ರಕ್ತಕ್ಕೆ ಬಳಸುದಾರಿಯೇ ಇಲ್ಲ. ಪ್ರತಿ ಕಿವಿಯಲ್ಲಿರುವ ಶಬ್ದವನ್ನು ಗ್ರಹಿಸುವ ಸುಮಾರು 15,000 ರೋಮಕೋಶಗಳು ಆಮ್ಲಜನಕವಿಲ್ಲದೆ ಬಹುಬೇಗ ಸಾಯುತ್ತವೆ, ಸತ್ತವು ಮತ್ತೆ ಹುಟ್ಟುವುದಿಲ್ಲ.

ಸಿಸೇರಿಯನ್ ಮುಂತಾದ ಸಂದರ್ಭಗಳಲ್ಲಿ ಬೆನ್ನಿಗೆ ಅರಿವಳಿಕೆ ಕೊಟ್ಟ ಬಳಿಕವೂ ಕೆಲವರಿಗೆ ಕಿವಿ ಮಂದವಾಗುವುದುಂಟು. ಅದರ ಕಾರಣ ಬೇರೆ: ಸೂಜಿಯ ರಂಧ್ರದಿಂದ ಮಿದುಳುಬಳ್ಳಿಯ ದ್ರವ ಸೋರಿ ಒಳಗಿವಿಯ ಒತ್ತಡ ಇಳಿಯುತ್ತದೆ. ಇದು ಬಹುಪಾಲು ಕೆಲವೇ ದಿನಗಳಲ್ಲಿ ತಾನಾಗಿ ಸರಿಹೋಗುತ್ತದೆ.

ಆದರೆ ಯಾವುದು ತಾನಾಗಿ ಸರಿಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದನ್ನು ಮಂಚದ ಮೇಲೆ ಮಲಗಿದವರು ನಿರ್ಧರಿಸಲಾಗದು. "ಗುಗ್ಗೆ ಕಟ್ಟಿರಬೇಕು", "ನಿಶ್ಶಕ್ತಿ, ಮನೆಗೆ ಹೋದರೆ ಸರಿಯಾಗುತ್ತದೆ" ಎಂಬ ಸಮಾಧಾನದ ಮಾತಿನಲ್ಲೇ ಬೆಲೆಬಾಳುವ ದಿನಗಳು ಕಳೆಯುತ್ತವೆ. ಸ್ಟೀರಾಯ್ಡ್ ಚಿಕಿತ್ಸೆಯಿಂದ ಫಲ ನಿರೀಕ್ಷಿಸಬಹುದಾದದ್ದು ಮುಖ್ಯವಾಗಿ ಮೊದಲ ಎರಡು ವಾರಗಳಲ್ಲಿ. ಎಲ್ಲರಿಗೂ ಕೇಳ್ಮೆ ಮರಳುತ್ತದೆಂದು ನಾನು ಭರವಸೆ ಕೊಡಲಾರೆ. ಮಧುಮೇಹವಿದ್ದು ಹೊಲಿಗೆ ಇನ್ನೂ ಹಸಿಯಾಗಿರುವವರಿಗೆ ಮಾತ್ರೆಯ ಬದಲು ಕಿವಿತಮಟೆಯ ಮೂಲಕ ಮದ್ದನ್ನು ಸೂಜಿಯಿಂದ ಒಳಗೆ ಬಿಡುವ ದಾರಿಯೂ ಇದೆ.

ಮೊದಲ ಪರೀಕ್ಷೆಗೆ ದೊಡ್ಡ ಯಂತ್ರವೇನೂ ಬೇಡ. ತಟ್ಟಿದರೆ ನಾದ ಹೊರಡಿಸುವ ಲೋಹದ ಕವೆಯಾದ ಶ್ರುತಿಕವೆಯನ್ನು (ಟ್ಯೂನಿಂಗ್ ಫೋರ್ಕ್) ಮೊಣಕೈಗೆ ತಟ್ಟಿ ಹಣೆಯ ನಡುವೆ ಇಟ್ಟಾಗ ನಾದ ಮಂದವಾದ ಕಿವಿಯಲ್ಲೇ ಜೋರಾಗಿ ಕೇಳಿದರೆ ಗುಗ್ಗೆಯಂಥ ಅಡಚಣೆ ಇರಬಹುದು. ನಾದ ಚೆನ್ನಾಗಿರುವ ಕಿವಿಯತ್ತ ಸರಿದರೆ ಪೆಟ್ಟು ಬಿದ್ದಿರುವುದು ಒಳಗಿವಿಗೆ ಅಥವಾ ಅದರ ನರಕ್ಕೆ ಎಂದು ತಿಳಿದು, ಅಂದೇ ಶ್ರವಣ ಪರೀಕ್ಷೆ ಮಾಡಿಸಬೇಕು.