ಸಂಬಳದ ತಾರೀಖು

ಕೇಳುಗರಿಗೆ ನಮಸ್ಕಾರ. ಬ್ಯಾಂಕ್ ನೌಕರರ ಸಂಬಳ, ಸೌಲಭ್ಯ ಮತ್ತು ಕೆಲಸದ ಗುಣಮಟ್ಟದ ಬಗ್ಗೆ ಮಾತನಾಡಲು ಆಕಾಶವಾಣಿಯವರು ಕರೆದಿದ್ದಾರೆ. ನಾನು ಮಾತ್ರ ಇಂದು ನೇರವಾಗಿ ಮಾತನಾಡುವುದು ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಪತ್ತಿನ ಸಹಕಾರಿ ಸಂಘಗಳ ನಿರ್ದೇಶಕರೊಂದಿಗೆ. 1905ರಲ್ಲಿಯೇ ಗದಗಿನ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದ ಸೀಮೆ ಇದು. ಸಾಲಗಾರನ ಕಷ್ಟ ನಿಮಗೆ ತಿಳಿಯುತ್ತದೆ. ಕೌಂಟರಿನ ಹಿಂದೆ ಕೂತವರ ಕಷ್ಟವನ್ನು ಸ್ವಲ್ಪ ಕೇಳಿ.

"ಸಿಬ್ಬಂದಿ ಮನಸ್ಸಿಟ್ಟು ಕೆಲಸ ಮಾಡುವುದಿಲ್ಲ" ಎಂದು ನೀವು ಹೇಳುತ್ತಲೇ ಇರುತ್ತೀರಿ. ನಾನು ತಿರುಗಿ ಕೇಳುವ ಪ್ರಶ್ನೆ ಒಂದೇ: ಸಂಬಳ ಯಾವ ತಾರೀಖಿಗೆ ಕೊಡುತ್ತೀರಿ?

ನಾನು ಬ್ಯಾಂಕಿನಿಂದ ನಿವೃತ್ತನಾದ ಮೇಲೆ ಹಾವೇರಿ ಜಿಲ್ಲೆಯ ಒಂದು ಸಂಘದವರು ಕರೆಸಿದ್ದರು. ನಗದಿನಲ್ಲಿ ಮೇಲಿಂದ ಮೇಲೆ ವ್ಯತ್ಯಾಸ. ಒಂದು ದಿನ ಇನ್ನೂರು ಕಡಿಮೆ, ಇನ್ನೊಂದು ದಿನ ಐನೂರು ಹೆಚ್ಚು. ಕ್ಯಾಷಿಯರ್ ಹೆಣ್ಣುಮಗಳು ಒಂಬತ್ತು ವರ್ಷದಿಂದ ಅಲ್ಲಿದ್ದವರು. ಅಧ್ಯಕ್ಷರಿಗೆ ಅವರ ಮೇಲೆಯೇ ಸಂಶಯ. ನಾನು ಎರಡು ದಿನ ಅವರ ಹಿಂದೆ ಕುರ್ಚಿ ಹಾಕಿಕೊಂಡು ಕೂತೆ. ಒದ್ದೆ ಸ್ಪಂಜಿಗೆ ಬೆರಳು ಒತ್ತಿ ನೋಟು ಎಣಿಸುವ ಕೈ ಚುರುಕಾಗಿಯೇ ಇತ್ತು. ಆದರೆ ಅರ್ಧ ಕಟ್ಟು ಎಣಿಸುವಷ್ಟರಲ್ಲಿ ಮೊಬೈಲ್ ರಿಂಗಣಿಸುತ್ತಿತ್ತು. ಕರೆ ಮಾಡಿದವರ ಹೆಸರು ನೋಡಿ, ಬೋರಲು ಇಟ್ಟು, ಮತ್ತೆ ಮೊದಲಿನಿಂದ ಎಣಿಸುತ್ತಿದ್ದರು. ಮೇಜಿನ ಗಾಜಿನ ಕೆಳಗೆ ಒಂದು ಹಳೆಯ ಚಲನ್. ಅದರ ಬೆನ್ನಿಗೆ ಬರೆದಿದ್ದರು: ಕಿರಾಣಿ 2,300, ಹಾಲು 900, ಬಾಡಿಗೆ ಎರಡು ತಿಂಗಳು, ಮಗನ ಬಸ್ ಪಾಸ್. ಒಂದೊಂದರ ಮುಂದೆಯೂ "ಪಗಾರ ಆದ ಮೇಲೆ".

ಪಗಾರ ಪುಸ್ತಕ ತರಿಸಿದೆ. ಒಂದು ತಿಂಗಳು 9ಕ್ಕೆ, ಮುಂದಿನ ತಿಂಗಳು 17ಕ್ಕೆ, ಆಮೇಲೆ 22ಕ್ಕೆ. "ವಸೂಲಿ ಬಂದ ಹಾಗೆ ಕೊಡುತ್ತೇವೆ, ಸಾಹೇಬರೆ" ಎಂದರು ಕಾರ್ಯದರ್ಶಿ. ನಗದು ವ್ಯತ್ಯಾಸದ ವಹಿಯನ್ನು ಪಕ್ಕಕ್ಕಿಟ್ಟು ತಾಳೆ ನೋಡಿದೆವು. ಬಹುತೇಕ ತಪ್ಪುಗಳು ಸಂಬಳಕ್ಕಾಗಿ ಕಾಯುವ ದಿನಗಳಲ್ಲೇ ಆಗಿದ್ದವು! ಅಧ್ಯಕ್ಷರು ಆ ಎರಡು ಪುಸ್ತಕಗಳನ್ನು ಬಹಳ ಹೊತ್ತು ನೋಡುತ್ತ ಕೂತರು. ಮುಂದಿನ ತಿಂಗಳಿನಿಂದ ಕಡೆಯ ಕೆಲಸದ ದಿನವೇ ಸಂಬಳ ಖಾತೆಗೆ ಬಿದ್ದಿತು. ಒಂದು ರೂಪಾಯಿ ಹೆಚ್ಚಿಸಿರಲಿಲ್ಲ. ಆರು ತಿಂಗಳ ಮೇಲೆ ಹೋದಾಗ ವ್ಯತ್ಯಾಸದ ವಹಿಯಲ್ಲಿ ಹೊಸದಾಗಿ ಇದ್ದದ್ದು ಎರಡೇ ನಮೂದು.

ಬ್ಯಾಂಕಿನವರನ್ನು ನೋಡಿ "ಅವರಿಗೇನು, ಕೈತುಂಬ ಸಂಬಳ" ಎನ್ನುತ್ತೀರಿ. ಮೊತ್ತವನ್ನಷ್ಟೇ ನೋಡಬೇಡಿ, ದಯವಿಟ್ಟು. ಅಲ್ಲಿ ಸಂಬಳ ಯಾರ ಕೃಪೆಯೂ ಅಲ್ಲ. 1966ರಿಂದ ಬ್ಯಾಂಕುಗಳೂ ನೌಕರ ಸಂಘಗಳೂ ಎದುರುಬದುರು ಕೂತು ದ್ವಿಪಕ್ಷೀಯ ಒಪ್ಪಂದ ಮಾಡಿಕೊಳ್ಳುತ್ತ ಬಂದಿವೆ. 12ನೆಯದಕ್ಕೆ 2024ರ ಮಾರ್ಚ್ 8ರಂದು ಸಹಿ ಬಿತ್ತು. ಶೇ 17ರ ಏರಿಕೆ, ಅದೂ 2022ರ ನವೆಂಬರ್‌ನಿಂದಲೇ ಲೆಕ್ಕ. ತುಟ್ಟಿಭತ್ಯೆ ಮೂರು ತಿಂಗಳಿಗೊಮ್ಮೆ ಬೆಲೆ ಸೂಚ್ಯಂಕ ನೋಡಿಕೊಂಡು ತಾನಾಗಿ ಬದಲಾಗುತ್ತದೆ. ಇಂಥ ದಿನ ಇಷ್ಟು ಬರುತ್ತದೆ ಎಂದು ಗೊತ್ತಿರುವ ಮನುಷ್ಯನ ಲಕ್ಷ್ಯ ಎಣಿಸುವ ನೋಟಿನ ಮೇಲೆ ಇರುತ್ತದೆ.

ಸಮಯ ಮುಗಿಯುತ್ತ ಬಂದಿದೆ, ಪ್ರೋತ್ಸಾಹಧನದ ಬಗ್ಗೆ ಒಂದು ಮಾತು. 2020ರ ಒಪ್ಪಂದದಲ್ಲಿ ಸರ್ಕಾರಿ ಬ್ಯಾಂಕಿನ ನಿರ್ವಹಣಾ ಲಾಭ ಶೇ 5ರಿಂದ 10ರಷ್ಟು ಬೆಳೆದರೆ ಐದು ದಿನದ, ಶೇ 15 ದಾಟಿದರೆ ಹದಿನೈದು ದಿನದ ಮೂಲವೇತನ ಮತ್ತು ತುಟ್ಟಿಭತ್ಯೆ ಹೆಚ್ಚುವರಿಯಾಗಿ ಕೊಡುವುದೆಂದು ನಿಗದಿಯಾಯಿತು. ಲೆಕ್ಕ ಮೊದಲೇ ಎಲ್ಲರಿಗೂ ಗೊತ್ತು. ನೀವು ದೀಪಾವಳಿಗೆ ಲಕೋಟೆಯಲ್ಲಿ ಒಬ್ಬರಿಗೆ ಹೆಚ್ಚು, ಒಬ್ಬರಿಗೆ ಕಡಿಮೆ ಕೊಟ್ಟರೆ ಮರುದಿನ ಕಚೇರಿಯಲ್ಲಿ ಮುನಿಸು ಉಳಿಯುತ್ತದೆ, ಅಷ್ಟೆ.

ಮನೆ, ಅಂಗಡಿಗೆ ಹೋಗಿ ದಿನದ ಉಳಿತಾಯ ಕೂಡಿಸುವ ಪಿಗ್ಮಿ ಸಂಗ್ರಹಕಾರರನ್ನು ಮರೆಯಬೇಡಿ. ಬ್ಯಾಂಕುಗಳ ಠೇವಣಿ ಸಂಗ್ರಹಕಾರರೂ ಕಾರ್ಮಿಕರೇ ಎಂದು ಸುಪ್ರೀಂ ಕೋರ್ಟ್ 2001ರಲ್ಲಿಯೇ ಹೇಳಿದೆ. ಅವರ ಕಮಿಷನ್ನಿಗೂ ಒಂದು ತಾರೀಖು ಇರಲಿ.

ಈ ತಿಂಗಳ ಆಡಳಿತ ಮಂಡಳಿ ಸಭೆಯ ನೋಟಿಸು ಇನ್ನೂ ಹೊರಡದಿದ್ದರೆ, ಮೊದಲನೆಯ ವಿಷಯವಾಗಿ ಸಂಬಳದ ದಿನಾಂಕವನ್ನು ಸೇರಿಸಿ. ನಮಸ್ಕಾರ.