ಟ್ರಿಗರ್ ಹಗುರವಾಗುವುದು ಬೇರೆ, ಒಳ್ಳೆಯದಾಗುವುದು ಬೇರೆ

ನಮಸ್ಕಾರ. ಬೋಲ್ಟ್-ಆಕ್ಷನ್ ರೈಫಲ್, ಎಂದರೆ ಪ್ರತಿ ಹೊಡೆತಕ್ಕೂ ಬೋಲ್ಟ್ ಎಂಬ ಅಗುಳಿಯನ್ನು ಕೈಯಿಂದ ಎಳೆದು ಮುಚ್ಚಬೇಕಾದ ಬಂದೂಕು, ಕೊಂಡವರಲ್ಲಿ ಅನೇಕರ ಮೊದಲ ದೂರು ಅದರ ಟ್ರಿಗರ್ ಬಗ್ಗೆ ಇರುತ್ತದೆ. ಎಳೆತ ಭಾರವಾಗಿದೆ, ಒರಟಾಗಿದೆ, ಯಾವ ಕ್ಷಣದಲ್ಲಿ ಬಿಡುಗಡೆಯಾಗುತ್ತದೆಂದು ಬೆರಳಿಗೆ ತಿಳಿಯುವುದಿಲ್ಲ ಎನ್ನುತ್ತಾರೆ. ದೂರು ಬಹುಮಟ್ಟಿಗೆ ನಿಜ. ಆದರೆ ಪರಿಹಾರ ಹುಡುಕುವಾಗ ಎಷ್ಟು ಗ್ರಾಂ ಇಳಿಯಿತು ಎಂಬುದೊಂದೇ ಅಳತೆಗೋಲಾಗಿಬಿಡುತ್ತದೆ. ಹಗುರವಾದದ್ದೆಲ್ಲ ಒಳ್ಳೆಯದು ಎಂಬ ನಂಬಿಕೆ ಬೇರೂರುತ್ತದೆ. ಈ ನಂಬಿಕೆಯನ್ನು ನಾನು ಒಪ್ಪುವುದಿಲ್ಲ. ಸ್ಪ್ರಿಂಗಿನ ಭಾರವನ್ನು ತಯಾರಕರು ಹೇಳಿದ ಮಿತಿಯೊಳಗೆ ಹೊಂದಿಸಿಕೊಳ್ಳಲು ಮಾಲೀಕನು ಹಿಂಜರಿಯಬೇಕಾಗಿಲ್ಲ. ಆದರೆ ಗುಂಡು ಹಾರದಂತೆ ತಡೆದಿಡುವ ತುಂಡಾದ ಸಿಯರ್‌ನ ಹಿಡಿತವನ್ನು ಕಡಿಮೆ ಮಾಡುವುದಕ್ಕಾಗಲಿ, ಅದರ ಮುಖವನ್ನು ಸಾಣೆಕಲ್ಲಿನಿಂದ ಉಜ್ಜುವುದಕ್ಕಾಗಲಿ ಅವನು ಕೈಹಾಕಬಾರದು. ಸ್ಪ್ರಿಂಗ್ ಹೊಂದಾಣಿಕೆಯಿಂದ ತೃಪ್ತಿಯಾಗದಿದ್ದರೆ ಇಡೀ ಟ್ರಿಗರ್ ಜೋಡಣೆಯನ್ನೇ ಬದಲಾಯಿಸುವುದು ಮೇಲು. ಇದು ನನ್ನ ಖಚಿತ ಅಭಿಪ್ರಾಯ, ಅದಕ್ಕೆ ಕಾರಣಗಳನ್ನು ವಿವರವಾಗಿ ಹೇಳುತ್ತೇನೆ.

ಮೊದಲು ಒಳಗೆ ಏನು ನಡೆಯುತ್ತದೆಂದು ನೋಡೋಣ. ಬೋಲ್ಟ್ ಮುಚ್ಚಿದಾಗ ಫೈರಿಂಗ್ ಪಿನ್ನಿನ ಬಲವಾದ ಸ್ಪ್ರಿಂಗ್ ಅದುಮಿಕೊಂಡು ನಿಂತಿರುತ್ತದೆ. ಪಿನ್ನಿನ ಹಿಂತುದಿಯಲ್ಲಿರುವ ಕಾಕಿಂಗ್ ಪೀಸ್ ಮುಂದಕ್ಕೆ ಚಿಮ್ಮದಂತೆ ತಡೆದು ನಿಲ್ಲಿಸಿರುವುದು ಸಿಯರ್. ಇಂದಿನ ಬಹುಪಾಲು ಟ್ರಿಗರ್‌ಗಳಲ್ಲಿ ಈ ಸಿಯರ್ ಕಾಕಿಂಗ್ ಪೀಸಿನ ಒತ್ತಡಕ್ಕೆ ಕೆಳಗೆ ಬೀಳಲು ಸದಾ ಸಿದ್ಧವಾಗಿಯೇ ಇರುತ್ತದೆ. ಟ್ರಿಗರ್‌ನ ಮೇಲ್ಭಾಗದ ಒಂದು ಕಿರಿದಾದ ಅಂಚು ಅದಕ್ಕೆ ಕೆಳಗಿನಿಂದ ಆಸರೆ ಕೊಟ್ಟಿರುತ್ತದೆ. ಬೆರಳು ಎಳೆದಾಗ ಆ ಅಂಚು ಸರಿಯುತ್ತದೆ, ಸಿಯರ್ ಬೀಳುತ್ತದೆ, ಕೆಲವೇ ಮಿಲಿಸೆಕೆಂಡುಗಳಲ್ಲಿ ಪಿನ್ ಹೋಗಿ ತೋಟೆಯ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಬಡಿಯುತ್ತದೆ. ಅಂಚು ಮತ್ತು ಸಿಯರ್ ಒಂದರ ಮೇಲೊಂದು ಕೂತಿರುವ ಆಳ, ಎಂದರೆ ಸಿಯರ್ ಹಿಡಿತ, ಸಾಮಾನ್ಯವಾಗಿ ಅರ್ಧ ಮಿಲಿಮೀಟರಿನ ಆಸುಪಾಸಿನಲ್ಲಿರುತ್ತದೆ. ಚಿಲಕದ ನಾಲಿಗೆ ಚೌಕಟ್ಟಿನ ಅಂಚಿಗಷ್ಟೇ ತಾಗಿ ನಿಂತರೆ ಬಾಗಿಲು ಮುಚ್ಚಿದಂತೆ ಕಂಡರೂ ಒಂದು ನೂಕಿಗೆ ತೆರೆದುಕೊಳ್ಳುತ್ತದೆ. ಆ ಅರ್ಧ ಮಿಲಿಮೀಟರನ್ನು ಸವೆಸಿದ ರೈಫಲ್‌ನ ಸ್ಥಿತಿಯೂ ಹಾಗೆಯೇ ಇರುತ್ತದೆ.

ಹಾಗಿದ್ದರೂ ಜನ ಈ ಅಳತೆಯನ್ನು ಕಡಿಮೆ ಮಾಡಲು ಹೋಗುವುದೇಕೆ? ಏಕೆಂದರೆ ಹಿಡಿತ ಆಳವಾದಷ್ಟೂ ಬಿಡುಗಡೆಗೆ ಮುಂಚೆ ಟ್ರಿಗರ್ ತೆವಳುತ್ತದೆ. ಬೆರಳಿಗೆ ಈ ತೆವಳಾಟ ಅಸಹನೀಯವಾಗಿರುತ್ತದೆ, ಅದರಲ್ಲೂ ಲೋಹದ ಮುಖಗಳು ನುಣುಪಾಗಿಲ್ಲದಿದ್ದರೆ ಮರಳಿನ ಮೇಲೆ ಎಳೆದಂತೆ ಅನಿಸುತ್ತದೆ. ನಿಜ ಹೇಳುವುದಾದರೆ ಗುರಿಕಾರನನ್ನು ಕಾಡುವುದು ಭಾರಕ್ಕಿಂತ ಹೆಚ್ಚಾಗಿ ಈ ಒರಟುತನ ಮತ್ತು ಅನಿಶ್ಚಿತತೆ. ತೆವಳಾಟವಿಲ್ಲದೆ ಗಾಜಿನ ಕಡ್ಡಿ ಮುರಿದಂತೆ ಬಿಡುವ 1,500 ಗ್ರಾಂ ಟ್ರಿಗರ್‌ನಿಂದ ಗುಂಡುಗಳನ್ನು ಒಂದರ ಪಕ್ಕ ಒಂದರಂತೆ ಒತ್ತಾಗಿ ಹೊಡೆಯಬಹುದು. ಒಮ್ಮೆ 700 ಗ್ರಾಂಗೂ ಇನ್ನೊಮ್ಮೆ 1,000 ಗ್ರಾಂಗೂ ಬಿಡುವ ಟ್ರಿಗರ್ ಎಷ್ಟು ಹಗುರವಾಗಿದ್ದರೂ ಗುರಿಯನ್ನು ಕೆಡಿಸುತ್ತದೆ. ಅಂತರರಾಷ್ಟ್ರೀಯ ಶೂಟಿಂಗ್ ಒಕ್ಕೂಟವಾದ ಐಎಸ್‌ಎಸ್‌ಎಫ್ 300 ಮೀಟರ್ ಸ್ಟ್ಯಾಂಡರ್ಡ್ ರೈಫಲ್ ಸ್ಪರ್ಧೆಗೆ ಕನಿಷ್ಠ 1,500 ಗ್ರಾಂ ಟ್ರಿಗರ್ ಭಾರವನ್ನು ನಿಗದಿ ಮಾಡಿದೆ, ಆ ಭಾರದಲ್ಲೇ ಸ್ಪರ್ಧಿಗಳು ಬೆರಗು ಹುಟ್ಟಿಸುವ ಅಂಕಗಳನ್ನು ಗಳಿಸುತ್ತಾರೆ. ಹಗುರ ಟ್ರಿಗರ್ ಇಲ್ಲದೆ ನಿಖರತೆಯೇ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು.

ಭಾರದ ವಾದದಲ್ಲಿ ಹುರುಳೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಮೂರೂವರೆ ಕಿಲೋ ತೂಗುವ ರೈಫಲ್‌ಗೆ ಮೂರು ಕಿಲೋ ಎಳೆತದ ಟ್ರಿಗರ್ ಇದ್ದರೆ, ಬಿಡುಗಡೆಯ ಹೊತ್ತಿಗೆ ಬೆರಳಿನ ಬಲ ರೈಫಲ್ಲನ್ನೇ ಅಲುಗಿಸುತ್ತದೆ. ಅಂಥ ಟ್ರಿಗರ್ ಸರಿಯಾಗಲೇಬೇಕು. ಬೇಟೆಯ ರೈಫಲ್‌ಗೆ ಸುಮಾರು ಒಂದೂಕಾಲು ಕಿಲೋದಿಂದ ಒಂದೂಮುಕ್ಕಾಲು ಕಿಲೋ, ಎಂದರೆ ಮೂರರಿಂದ ನಾಲ್ಕು ಪೌಂಡ್‌ಗಳ ಸುತ್ತಮುತ್ತ, ನನ್ನ ಮಟ್ಟಿಗೆ ತಕ್ಕ ಭಾರ. ಚಳಿಯಲ್ಲಿ ಬೆರಳು ಮರಗಟ್ಟಿರುವಾಗ, ಕೈಗವಸು ಹಾಕಿರುವಾಗ, ಉಸಿರು ಏರಿರುವಾಗ, ಇದಕ್ಕಿಂತ ಹಗುರವಾದ ಟ್ರಿಗರ್ ಬೆರಳು ತಾಗಿದ್ದೇ ತಡ ಬಿಟ್ಟುಬಿಡಬಹುದು. ಬೆಂಚಿನ ಮೇಲೆ ಕೂತು, ಮರಳುಚೀಲಗಳ ಮೇಲೆ ರೈಫಲ್ ಇಟ್ಟು, ಗುರಿಯ ಮೇಲೆ ಕಣ್ಣಿಟ್ಟ ನಂತರವೇ ಬೋಲ್ಟ್ ಮುಚ್ಚುವ ಸ್ಪರ್ಧಿಯ ಲೆಕ್ಕ ಪೂರ್ತಿ ಬೇರೆ. ಅವನು ಬಳಸುವ ಕೆಲವೇ ಗ್ರಾಂಗಳ ಟ್ರಿಗರ್ ಕಾಡಿನಲ್ಲಿ ನಡೆಯುವವನ ಹೆಗಲಿಗೆ ಬರಬಾರದು.

ಹೊಂದಿಸಬಹುದಾದ ಟ್ರಿಗರ್‌ಗಳಲ್ಲಿ ಬಹಳಷ್ಟು ಸಲ ಮೂರು ತಿರುಪುಗಳಿರುತ್ತವೆ: ಸ್ಪ್ರಿಂಗಿನ ಭಾರಕ್ಕೆ ಒಂದು, ಬಿಡುಗಡೆಯ ನಂತರ ಟ್ರಿಗರ್ ಹಿಂದಕ್ಕೆ ಹೋಗುವ ಹೆಚ್ಚುವರಿ ದೂರಕ್ಕೆ ಒಂದು, ಸಿಯರ್ ಹಿಡಿತಕ್ಕೆ ಒಂದು. ಯಾವುದು ಯಾವುದೆಂದು ಆ ಮಾದರಿಯ ಕೈಪಿಡಿ ನೋಡದೆ ತಿಳಿಯುವುದು ಅಸಾಧ್ಯ, ಏಕೆಂದರೆ ಒಂದು ಮಾದರಿಯಲ್ಲಿ ಮುಂದಿರುವ ತಿರುಪು ಇನ್ನೊಂದರಲ್ಲಿ ಹಿಂದಿರುತ್ತದೆ. ಕಾರ್ಖಾನೆಯಲ್ಲಿ ಅರಗು ಹಚ್ಚಿ ಮುಚ್ಚಿದ ತಿರುಪು ಕಂಡರೆ ಅದನ್ನು ಮುಟ್ಟಬೇಡಿ ಎಂಬ ಸೂಚನೆಯೆಂದೇ ತಿಳಿಯಬೇಕು. ಭಾರದ ತಿರುಪನ್ನು ಸಡಿಲಿಸುವಾಗಲೂ ಒಂದು ಎಲ್ಲೆ ಇದೆ: ಆ ಸ್ಪ್ರಿಂಗ್ ನಿಮ್ಮ ಬೆರಳಿಗೆ ಎದುರಾಗಿ ನಿಲ್ಲುವುದಷ್ಟೇ ಅಲ್ಲ, ಪ್ರತಿ ಸಲ ಬೋಲ್ಟ್ ಎಳೆದಾಗ ಟ್ರಿಗರ್ ಅಂಚನ್ನು ಸಿಯರ್ ಕೆಳಗೆ ಪೂರ್ತಿಯಾಗಿ ಮರಳಿಸುವ ಕೆಲಸವೂ ಅದರದೇ. ಸ್ಪ್ರಿಂಗ್ ತೀರಾ ಸೋತರೆ ಅಂಚು ಅರ್ಧಕ್ಕೇ ನಿಂತುಬಿಡುತ್ತದೆ. ಹೆಚ್ಚುವರಿ ದೂರದ ತಿರುಪನ್ನು ಅತಿಯಾಗಿ ಬಿಗಿದರೆ ಸಿಯರ್ ಬೀಳಲು ಜಾಗವೇ ಉಳಿಯದೆ ಗುಂಡು ಹಾರದೇ ಹೋಗಬಹುದು, ಅಥವಾ ಸಿಯರ್ ಉಜ್ಜಿಕೊಂಡು ಬಿದ್ದು ಅಂಚು ಸವೆಯಬಹುದು. ಹೀಗೆ ಒಂದನ್ನು ತಿರುಗಿಸಿದರೆ ಇನ್ನೊಂದರ ನಡೆ ಬದಲಾಗುತ್ತದೆ.

ಈಗ ಕಲ್ಲಿನ ವಿಷಯಕ್ಕೆ ಬರುತ್ತೇನೆ, ಇಲ್ಲಿ ನನಗೆ ಯಾವ ರಾಜಿಯೂ ಸಾಧ್ಯವಿಲ್ಲ. ಸಿಯರ್‌ನ ಮುಖ ಅನೇಕ ರೈಫಲ್‌ಗಳಲ್ಲಿ ಮೇಲ್ಪದರವನ್ನಷ್ಟೇ ಗಡಸು ಮಾಡಿದ ಉಕ್ಕು. ಆ ಪದರ ಬಹಳ ತೆಳು. ನುಣುಪು ಮಾಡುತ್ತೇನೆಂದು ಹೊರಟವನು ಅದನ್ನು ದಾಟಿ ಒಳಗಿನ ಮೆತ್ತನೆಯ ಲೋಹವನ್ನು ತಲುಪಿದರೆ, ಮೊದಲ ದಿನ ಎಳೆತ ಬೆಣ್ಣೆಯಂತೆ ಇರುತ್ತದೆ, ಕೆಲವು ನೂರು ಹೊಡೆತಗಳಾದ ಮೇಲೆ ಅಂಚು ಮಡಚಿಕೊಳ್ಳುತ್ತದೆ, ಸವೆಯುತ್ತದೆ, ಹಿಡಿತ ತಾನಾಗಿಯೇ ಕರಗುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು ಕೋನ. ಸಿಯರ್ ಮುಖದ ಕೋನ ಸರಿಯಾಗಿದ್ದರೆ, ಭದ್ರತೆಗಾಗಿ ಅದು ಒಳಮುಖವಾಗಿ ಹಿಡಿದುಕೊಳ್ಳುವಂತಿರುತ್ತದೆ. ಸ್ಪ್ರಿಂಗಿನ ಒತ್ತಡವೇ ಎರಡೂ ಭಾಗಗಳನ್ನು ಬಿಗಿಗೊಳಿಸುತ್ತದೆ. ಕೈಯಲ್ಲಿ ಹಿಡಿದ ಕಲ್ಲು ಒಂದೆರಡು ಡಿಗ್ರಿ ವಾಲಿದರೂ ಆ ಕೋನ ಹೊರಮುಖವಾಗಬಹುದು, ಆಗ ಅದೇ ಒತ್ತಡ ಭಾಗಗಳನ್ನು ಬಿಡಿಸಲು ದುಡಿಯತೊಡಗುತ್ತದೆ. ಬರಿಗಣ್ಣಿಗೆ ಈ ವ್ಯತ್ಯಾಸ ಕಾಣುವುದಿಲ್ಲ. ತುಂಡು ಅಲುಗದಂತೆ ಹಿಡಿಯುವ ಸರಿಯಾದ ಹಿಡಿಕಟ್ಟು, ಭೂತಗನ್ನಡಿ ಮತ್ತು ಆ ಮಾದರಿಯ ಅನುಭವ ಇರುವ ಗನ್‌ಸ್ಮಿತ್ (ಬಂದೂಕು ದುರಸ್ತಿಗಾರ) ಮಾಡಬಹುದಾದ ಕೆಲಸವಿದು, ಅಂಥವರಲ್ಲೂ ಅನೇಕರು ಉಜ್ಜುವುದಕ್ಕಿಂತ ಬದಲಾಯಿಸುವುದನ್ನೇ ಶಿಫಾರಸು ಮಾಡುತ್ತಾರೆ.

ಟ್ರಿಗರ್ ಎಂಬ ಪುಟ್ಟ ಪೆಟ್ಟಿಗೆ ಎಷ್ಟು ದೊಡ್ಡ ಪರಿಣಾಮಕ್ಕೆ ಕಾರಣವಾಗಬಹುದೆಂದು ತಿಳಿಯಲು ರೆಮಿಂಗ್ಟನ್ 700 ಮಾದರಿಯ ಇತಿಹಾಸ ಸಾಕು. 1962ರಲ್ಲಿ ಮಾರುಕಟ್ಟೆಗೆ ಬಂದ ಈ ಅಮೆರಿಕನ್ ರೈಫಲ್ ಮೈಕ್ ವಾಕರ್ ರೂಪಿಸಿದ ಟ್ರಿಗರ್ ಹೊಂದಿತ್ತು. ಅದರಲ್ಲಿ ಟ್ರಿಗರ್ ಮತ್ತು ಸಿಯರ್ ನಡುವೆ ಕನೆಕ್ಟರ್ ಎಂಬ ಬಿಡಿ ತುಣುಕೊಂದಿದೆ. ಅದು ಟ್ರಿಗರ್‌ಗೆ ಬೆಸೆದುಕೊಂಡಿಲ್ಲ, ಸ್ಪ್ರಿಂಗಿನ ಬಲದಿಂದ ಒತ್ತಿ ನಿಂತಿದೆ. ಕೊಳೆಯೋ ಮತ್ತೊಂದೋ ನಡುವೆ ಸೇರಿ ಆ ತುಣುಕು ಪೂರ್ತಿ ಮರಳದಿದ್ದರೆ ಬೆರಳು ಮುಟ್ಟದೆಯೇ ಗುಂಡು ಹಾರುತ್ತದೆ ಎಂದು ಆರೋಪಿಸಿ ದಶಕಗಳ ಕಾಲ ಮೊಕದ್ದಮೆಗಳು ನಡೆದವು, ಕಂಪನಿ ದೋಷವನ್ನು ನಿರಾಕರಿಸುತ್ತಲೇ ಬಂದಿತು. 1982ರವರೆಗೆ ಅದರ ಸೇಫ್ಟಿ, ಎಂದರೆ ಗುಂಡು ಹಾರದಂತೆ ತಡೆಯುವ ಗುಂಡಿ, ಬೋಲ್ಟನ್ನೂ ಬೀಗ ಹಾಕಿದಂತೆ ತಡೆಯುತ್ತಿದ್ದುದರಿಂದ, ತೋಟೆ ತೆಗೆಯಬೇಕಾದರೂ ಸೇಫ್ಟಿಯನ್ನು ಬಿಡಿಸಲೇಬೇಕಿತ್ತು ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. 2006ರಲ್ಲಿ ವಾಕರ್ ಟ್ರಿಗರ್‌ನ ಜಾಗಕ್ಕೆ ಎಕ್ಸ್-ಮಾರ್ಕ್ ಪ್ರೊ ಟ್ರಿಗರ್ ಬರತೊಡಗಿತು. 2014ರ ಏಪ್ರಿಲ್‌ನಲ್ಲಿ ಅದನ್ನೂ ಹಿಂದಕ್ಕೆ ಕರೆಸಬೇಕಾಯಿತು, ಕಾರಣ ಜೋಡಣೆಯ ವೇಳೆ ಬಳಸಿದ ಅಂಟು ಕೆಲವು ಟ್ರಿಗರ್‌ಗಳಲ್ಲಿ ಅಗತ್ಯಕ್ಕಿಂತ ಹೆಚ್ಚಾಗಿತ್ತು. ಹಳೆಯ ಟ್ರಿಗರ್‌ಗಳನ್ನು ಉಚಿತವಾಗಿ ಬದಲಾಯಿಸಿಕೊಡುವ ಒಪ್ಪಂದಕ್ಕೆ 2017ರಲ್ಲಿ ನ್ಯಾಯಾಲಯದ ಅಂತಿಮ ಅನುಮೋದನೆ ಸಿಕ್ಕಿತು. ಯಂತ್ರಗಳು, ಎಂಜಿನಿಯರ್‌ಗಳು, ಪರೀಕ್ಷಾಲಯಗಳು ಎಲ್ಲ ಇದ್ದ ಕಾರ್ಖಾನೆಯಲ್ಲೇ ಒಂದು ಹನಿ ಅಂಟು ಇಷ್ಟು ಮಾಡಬಹುದಾದರೆ, ಅಂದಾಜಿನ ಮೇಲೆ ತಿರುಗಿಸಿದ ಒಂದು ತಿರುಪು ಏನು ಮಾಡಬಲ್ಲದೆಂದು ನಾವು ಯೋಚಿಸಬೇಕು.

ಇದಕ್ಕೆ ಎದುರಾಗಿ ಒಳ್ಳೆಯ ವಿನ್ಯಾಸದ ಉದಾಹರಣೆಗಳೂ ಇವೆ. 1898ರ ಜರ್ಮನ್ ರೈಫಲ್ ಮೌಸರ್‌ನ ಎರಡು ಹಂತದ ಸೈನಿಕ ಟ್ರಿಗರ್ ನನಗೆ ಇಂದಿಗೂ ಅಚ್ಚುಮೆಚ್ಚು. ಅದರ ಹಿಡಿತ ಬಹಳ ಆಳ. ಮೊದಲ ಹಂತದ ಉದ್ದನೆಯ, ಹಗುರವಾದ ಎಳೆತದಲ್ಲಿ ಬೆರಳು ಆ ಆಳದ ಬಹುಭಾಗವನ್ನು ತಾನೇ ತೆಗೆಯುತ್ತದೆ, ಎರಡನೆಯ ಹಂತದಲ್ಲಿ ಸ್ವಲ್ಪವೇ ಉಳಿದಿರುತ್ತದೆ. ಬೆರಳು ದೂರವಿದ್ದಾಗ ಭದ್ರತೆ, ಬೆರಳು ಒತ್ತಿದಾಗ ಸ್ಪಷ್ಟತೆ. ಎರಡೂ ಒಂದೇ ತುಂಡಿನಲ್ಲಿ ಸಿಗುತ್ತವೆ. ಅದನ್ನು ಹಳೆಯ ಕಾಲದ ಒರಟು ಟ್ರಿಗರ್ ಎಂದು ಕಿತ್ತೆಸೆಯುವ ಮುಂಚೆ ಅದನ್ನು ಸರಿಯಾಗಿ ಎಳೆಯಲು ಕಲಿಯಬೇಕೆಂದು ನಾನು ಹೇಳುತ್ತೇನೆ. ಈ ಶತಮಾನದ ಆರಂಭದಲ್ಲಿ ಬಂದ, ಅಮೆರಿಕನ್ ಕಂಪನಿ ಸ್ಯಾವೇಜ್‌ನ ಅಕ್ಯುಟ್ರಿಗರ್ ಇನ್ನೊಂದು ದಾರಿ ಹಿಡಿಯಿತು: ಟ್ರಿಗರ್ ನಡುವಿನ ತೆಳ್ಳನೆಯ ಅಲಗನ್ನು ಒತ್ತದಿದ್ದರೆ ಸಿಯರ್ ಬಿಡುಗಡೆಯಾಗದು, ಆದ್ದರಿಂದ ಹಗುರ ಎಳೆತವನ್ನು ಮಾಲೀಕನೇ ಹೊಂದಿಸಿಕೊಳ್ಳುವ ಅವಕಾಶವನ್ನು ಕಾರ್ಖಾನೆ ಧೈರ್ಯವಾಗಿ ಕೊಡಲು ಸಾಧ್ಯವಾಯಿತು.

ಬದಲಾಯಿಸುವುದೆಂದು ತೀರ್ಮಾನಿಸಿದರೆ ಟಿಮ್ನಿ, ಟ್ರಿಗರ್‌ಟೆಕ್, ಜುವೆಲ್ ಮುಂತಾದವರು ಪೂರ್ತಿ ಜೋಡಣೆಗಳನ್ನು ಮಾಡುತ್ತಾರೆ. ಇಲ್ಲಿ ಸಿಯರ್ ಮತ್ತು ಟ್ರಿಗರ್ ಅಂಚು ಜೊತೆಯಾಗಿಯೇ ತಯಾರಾಗಿ, ಅಳತೆಗೊಂಡು ಬರುತ್ತವೆ ಎಂಬುದೇ ದೊಡ್ಡ ಲಾಭ. ಟ್ರಿಗರ್‌ಟೆಕ್ ಎರಡು ಮುಖಗಳ ನಡುವೆ ಒಂದು ಉರುಳೆಯನ್ನಿಟ್ಟು ಜಾರುವ ಘರ್ಷಣೆಯನ್ನು ಉರುಳುವ ಚಲನೆಯಾಗಿ ಬದಲಿಸಿದೆ, ಹಾಗಾಗಿ ಹಿಡಿತವನ್ನು ಕಡಿಮೆ ಮಾಡದೆಯೇ ತೆವಳಾಟ ಮರೆಯಾಗುತ್ತದೆ. ಆದರೆ ಎರಡು ಪಿನ್ನು ತಳ್ಳಿ ಹಳೆಯದನ್ನು ತೆಗೆದು ಹೊಸದನ್ನು ಕೂರಿಸಿದರೆ ಮುಗಿಯಿತೆಂದು ಯಾರೂ ಭಾವಿಸಬಾರದು. ಹೊಸ ಟ್ರಿಗರ್‌ನ ಪೆಟ್ಟಿಗೆ ರೈಫಲ್ ಕೂರಿಸಿದ ಮರದ ಹಿಡಿಗೆ, ಎಂದರೆ ಸ್ಟಾಕಿಗೆ, ಎಲ್ಲಿಯೂ ತಾಗಬಾರದು, ಟ್ರಿಗರ್‌ನ ನಾಲಿಗೆ ಗಾರ್ಡಿನ ಸೀಳಿನಲ್ಲಿ ಉಜ್ಜಬಾರದು, ಬೋಲ್ಟ್ ಹಿಂದಕ್ಕೆ ಜಾರಿ ಹೊರಬರದಂತೆ ತಡೆಯುವ ಬೋಲ್ಟ್ ಸ್ಟಾಪ್ ಮೊದಲಿನಂತೆಯೇ ಕೆಲಸ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾದದ್ದು ಸೇಫ್ಟಿ. ಮೌಸರ್‌ನಂಥ ರೈಫಲ್‌ನಲ್ಲಿ ಸೇಫ್ಟಿ ಕಾಕಿಂಗ್ ಪೀಸನ್ನೇ ಹಿಂದಕ್ಕೆ ಎತ್ತಿ ಹಿಡಿಯುತ್ತದೆ. ಹೊಸ ಸಿಯರ್‌ನಿಂದ ಕಾಕಿಂಗ್ ಪೀಸಿನ ಸ್ಥಾನ ಕೂದಲೆಳೆಯಷ್ಟು ಬದಲಾದರೂ ಸೇಫ್ಟಿ ಹೊಂದದೇ ಹೋಗಬಹುದು, ಆಗ ಅದನ್ನು ಬಲ್ಲವರಿಂದ ಹೊಂದಿಸಬೇಕಾಗುತ್ತದೆ. ಟ್ರಿಗರನ್ನು ಮಾತ್ರ ತಡೆಯುವ ಸೇಫ್ಟಿಗಳೂ ಇವೆ; ಅವುಗಳಲ್ಲಿ ಸಿಯರ್ ಹಿಡಿತ ಕೆಟ್ಟಿದ್ದರೆ ಸೇಫ್ಟಿ ಹಾಕಿಯೂ ರಕ್ಷಣೆಯಿಲ್ಲ.

ಯಾವ ಹೊಂದಾಣಿಕೆಯಾದರೂ ಪರೀಕ್ಷೆಯಿಲ್ಲದೆ ಮುಗಿಯುವುದಿಲ್ಲ. ತೋಟೆ ಕೂರುವ ಚೇಂಬರ್ ಮತ್ತು ತೋಟೆಗಳನ್ನು ತುಂಬುವ ಮ್ಯಾಗಜೀನ್ ಖಾಲಿಯಿವೆಯೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ತೋಟೆಗಳನ್ನು ಬೇರೆ ಕೋಣೆಯಲ್ಲಿಟ್ಟು, ರೈಫಲನ್ನು ಸ್ಟಾಕಿನಲ್ಲಿ ಪೂರ್ತಿ ಜೋಡಿಸಿ ಆಕ್ಷನ್ ತಿರುಪುಗಳನ್ನು ಬಿಗಿದ ನಂತರವೇ ಪರೀಕ್ಷಿಸಬೇಕು, ಏಕೆಂದರೆ ಮೇಜಿನ ಮೇಲೆ ಬಿಡಿಯಾಗಿ ಚೆನ್ನಾಗಿದ್ದ ಟ್ರಿಗರ್ ಸ್ಟಾಕಿನ ಒತ್ತಡದಲ್ಲಿ ಬೇರೆಯಾಗಿ ನಡೆಯಬಹುದು. ಬೋಲ್ಟನ್ನು ಜೋರಾಗಿ, ಮತ್ತೆ ಮತ್ತೆ ಬಡಿದು ಮುಚ್ಚಿ. ಪಿನ್ ಒಮ್ಮೆಯೂ ಬೀಳಬಾರದು. ರೈಫಲ್‌ನ ಬುಡವನ್ನು ರಬ್ಬರ್ ಹಾಸಿನ ಮೇಲೆ ಕುಟ್ಟಿ, ಪಕ್ಕಗಳಿಗೆ ರಬ್ಬರ್ ಸುತ್ತಿಗೆಯಿಂದ ತಟ್ಟಿ, ಆಗಲೂ ಬೀಳಬಾರದು. ಸೇಫ್ಟಿ ಹಾಕಿ ಟ್ರಿಗರನ್ನು ಬಲವಾಗಿ ಎಳೆದು ಬಿಡಿ, ಬೆರಳನ್ನು ಪೂರ್ತಿ ದೂರ ಸರಿಸಿ ಸೇಫ್ಟಿ ತೆಗೆಯಿರಿ. ಆ ಕ್ಷಣದಲ್ಲಿ ಪಿನ್ ಬಿದ್ದರೆ ಆ ರೈಫಲ್ ಕಾಡಿಗೂ ರೇಂಜಿಗೂ ಹೋಗುವಂತಿಲ್ಲ. ಭಾರವನ್ನು ಅಂದಾಜಿಸಬೇಡಿ, ಗೇಜಿನಿಂದ ಅಳೆಯಿರಿ, ಪ್ರತಿ ಸಲವೂ ಟ್ರಿಗರ್‌ನ ಒಂದೇ ಜಾಗಕ್ಕೆ ಗೇಜ್ ಕೊಂಡಿ ಹಾಕಿ, ಏಕೆಂದರೆ ಸನ್ನೆಗೋಲಿನ ನಿಯಮದಂತೆ ತುದಿಯಲ್ಲಿ ಎಳೆದಾಗ ಭಾರ ಕಡಿಮೆ ತೋರುತ್ತದೆ. ಹತ್ತು ಸಲ ಅಳೆದಾಗ ಸರಾಸರಿಯ ಜೊತೆಗೆ ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವಿನ ಅಂತರವನ್ನೂ ಬರೆದಿಡಿ. ಆ ಅಂತರ ಚಿಕ್ಕದಾಗಿದ್ದರೆ ಟ್ರಿಗರ್ ಒಳ್ಳೆಯದು.

ಕೊನೆಯದಾಗಿ, ದೂರು ಹುಟ್ಟಿದ ಟ್ರಿಗರ್ ನಿಜಕ್ಕೂ ಕೆಟ್ಟಿದೆಯೇ ಅಥವಾ ಕೊಳೆಯಾಗಿದೆಯೇ ಎಂಬುದನ್ನು ಮೊದಲೇ ನೋಡಬೇಕಿತ್ತು ಎಂದು ಅನೇಕರಿಗೆ ತಡವಾಗಿ ತಿಳಿಯುತ್ತದೆ. ವರ್ಷಗಟ್ಟಲೆ ಸುರಿದ ಎಣ್ಣೆ ಒಣಗಿ ಅಂಟಾಗುತ್ತದೆ, ಅದಕ್ಕೆ ದೂಳು ಸೇರುತ್ತದೆ, ಕೊರೆಯುವ ಚಳಿಯಲ್ಲಿ ಅದು ಗಟ್ಟಿಯಾಗಿ ಸಿಯರನ್ನು ನಿಧಾನಗೊಳಿಸುತ್ತದೆ. ಟ್ರಿಗರ್ ಪೆಟ್ಟಿಗೆಗೆ ದಪ್ಪ ಎಣ್ಣೆಯ ಅಗತ್ಯವೇ ಇಲ್ಲ. ಲೈಟರ್‌ಗೆ ತುಂಬುವ ದ್ರವದಂಥ, ಹಿಂದೆ ಏನನ್ನೂ ಉಳಿಸದೆ ಆರಿಹೋಗುವ ದ್ರಾವಕದಿಂದ, ಬೆಂಕಿಯಿಂದ ದೂರ ಗಾಳಿಯಾಡುವ ಜಾಗದಲ್ಲಿ ತೊಳೆದು ಒಣಗಿಸಿ, ಬಳಿಕ ಗೇಜಿನಿಂದ ಮತ್ತೊಮ್ಮೆ ಅಳೆದು ನೋಡಿ. ಹೊಸ ಟ್ರಿಗರ್ ಕೊಳ್ಳುವ ತೀರ್ಮಾನವನ್ನು ಆ ಅಳತೆ ಕೈಗೆ ಬಂದ ಮೇಲೆ ಮಾಡಿ. ಬದಲಾಯಿಸಿದರೂ ಹಳೆಯ ಜೋಡಣೆಯನ್ನು ಎಸೆಯಬೇಡಿ, ಹೊಂದಿಸಿದ ಭಾರ ಮತ್ತು ದಿನಾಂಕವನ್ನು ಒಂದು ಚೀಟಿಯಲ್ಲಿ ಬರೆದು ಅದರ ಜೊತೆಗಿಡಿ. ಆ ರೈಫಲ್ ಮುಂದೆ ಇನ್ನೊಬ್ಬರ ಕೈಗೆ ಕಾನೂನುಬದ್ಧವಾಗಿ ಹೋಗುವ ದಿನ ಆ ಚೀಟಿಯೂ ಅವರಿಗೆ ತಲುಪಬೇಕು, ಎರಡು ಕಿಲೋ ಎಳೆತಕ್ಕೆ ಒಗ್ಗಿದ ಅವರ ಬೆರಳಿಗೆ ಒಂದು ಕಿಲೋದ ಟ್ರಿಗರ್ ಕಾದಿದೆ ಎಂಬುದನ್ನು ಬಾಯಿಬಿಟ್ಟು ಹೇಳಿಯೇ ಕೊಡಬೇಕು.